ಐದು ರನ್ ದಂಡ, ಕೈತಪ್ಪಿದ ಟೆಸ್ಟ್: ಚೆಂಡು ವಿರೂಪದ ತೀರ್ಪಿಗೆ ತಂಡ ಮುನಿದಾಗ

2006ರ ಆಗಸ್ಟ್ 20, ಭಾನುವಾರ. ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡ್ ಮತ್ತು ಪಾಕಿಸ್ತಾನದ ನಡುವೆ ಸರಣಿಯ ಕೊನೆಯ ಟೆಸ್ಟ್, ನಾಲ್ಕನೇ ದಿನ. ಮೊದಲ ಇನ್ನಿಂಗ್ಸ್‌ನಲ್ಲಿ ಇಂಗ್ಲೆಂಡ್ 173ಕ್ಕೆ ಆಲೌಟ್ ಆಗಿತ್ತು. ಪಾಕಿಸ್ತಾನ 504 ಹೊಡೆದಿತ್ತು. ಎರಡನೇ ಇನ್ನಿಂಗ್ಸ್‌ನಲ್ಲಿ ಇಂಗ್ಲೆಂಡ್ 4 ವಿಕೆಟ್‌ಗೆ 298. ಇನ್ನೂ 33 ರನ್ ಹಿಂದೆ. ಸರಣಿ ಆಗಲೇ ಕೈಬಿಟ್ಟಿದ್ದರೂ ಈ ಪಂದ್ಯದಲ್ಲಿ ಮೇಲುಗೈ ಪಾಕಿಸ್ತಾನದ್ದೇ.

ಆದರೆ ದಾಖಲೆ ಪುಸ್ತಕ ತೆಗೆದರೆ ಈ ಪಂದ್ಯ ಗೆದ್ದಿದ್ದು ಇಂಗ್ಲೆಂಡ್. ಪಾಕಿಸ್ತಾನ ಸೋತಿದ್ದು ಆಡಿ ಅಲ್ಲ, ಆಡಲು ಮೈದಾನಕ್ಕೇ ಬರದೆ. 1877ರಲ್ಲಿ ಟೆಸ್ಟ್ ಕ್ರಿಕೆಟ್ ಶುರುವಾದ ಮೇಲೆ 129 ವರ್ಷ ಹೀಗೆ ಒಂದು ಪಂದ್ಯವೂ ಮುಗಿದಿರಲಿಲ್ಲ. ಆಮೇಲೂ ಮುಗಿದಿಲ್ಲ.

ಇಷ್ಟು ಹಳೆಯ ಕಥೆ ಈಗ ಯಾಕೆ ಅಂತ ಕೇಳಬಹುದು. ಮೈದಾನದಲ್ಲಿ ಕೊಟ್ಟ ತೀರ್ಪು ಅನ್ಯಾಯ ಅನ್ನಿಸಿದರೆ ತಂಡ ಏನು ಮಾಡಬೇಕು ಅನ್ನುವುದಕ್ಕೆ ಕ್ರಿಕೆಟ್ ಇವತ್ತಿಗೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ದುಬೈನ ಏಷ್ಯಾ ಕಪ್‌ನಲ್ಲಿ ಮ್ಯಾಚ್ ರೆಫರಿ (ಪಂದ್ಯದ ಶಿಸ್ತು ನೋಡಿಕೊಳ್ಳುವ ಅಧಿಕಾರಿ) ಮೇಲಿನ ಸಿಟ್ಟಿಗೆ ಪಾಕಿಸ್ತಾನ ತಂಡ ತಡವಾಗಿ ಬಂತು. ಯುಎಇ ವಿರುದ್ಧದ ಪಂದ್ಯ ಒಂದು ಗಂಟೆ ಮುಂದಕ್ಕೆ ಹೋಯಿತು. ಅಲ್ಲಿ ಜಗಳ ಕೈಕುಲುಕುವ ವಿಷಯಕ್ಕೆ. ಚೆಂಡಿನ ವಿಷಯಕ್ಕೆ ಬಂದ ಜಗಳ ಇದಕ್ಕಿಂತ ಕಹಿ, ಯಾಕೆಂದರೆ ಅಲ್ಲಿ ಮೋಸ ಅನ್ನುವ ಮಾತು ಬರುತ್ತದೆ.

ಮೊದಲು ಚೆಂಡಿನ ವಿಷಯ ಸ್ವಲ್ಪ ನೋಡೋಣ. ಚೆಂಡಿನ ಒಂದು ಮಗ್ಗುಲು ನಯವಾಗಿದ್ದು ಇನ್ನೊಂದು ಒರಟಾಗಿದ್ದರೆ ಅದು ಗಾಳಿಯಲ್ಲಿ ತಿರುಗುತ್ತದೆ. ಚೆಂಡು ಹೊಸದಿರುವಾಗ ಹೊಳಪಿನ ಮಗ್ಗುಲಿನಿಂದ ದೂರಕ್ಕೆ ತಿರುಗುವುದು ಸಾಮಾನ್ಯ. ಹಳೆಯದಾಗಿ ಒಂದು ಮಗ್ಗುಲು ಚೆನ್ನಾಗಿ ಒರಟಾದ ಮೇಲೆ, ವೇಗವಾಗಿ ಎಸೆದರೆ, ಅದು ಹೊಳಪಿನ ಕಡೆಗೇ ತಿರುಗಬಹುದು. ಅದೇ ರಿವರ್ಸ್ ಸ್ವಿಂಗ್. ಟೆಸ್ಟ್‌ನಲ್ಲಿ 80 ಓವರ್ ಆದ ಮೇಲಷ್ಟೇ ಹೊಸ ಚೆಂಡು ಸಿಗುವುದು. ಹಾಗಾಗಿ 40ನೇ ಓವರ್‌ನಿಂದ 80ರವರೆಗೆ ವೇಗದ ಬೌಲರ್‌ಗೆ ಹೊಟ್ಟೆಪಾಡು ಇದೇ. ಈ ವಿದ್ಯೆಯನ್ನು ಜಗತ್ತಿಗೆ ಕಲಿಸಿದ್ದೇ ಪಾಕಿಸ್ತಾನದ ಬೌಲರ್‌ಗಳು.

ಚೆಂಡನ್ನು ಪ್ಯಾಂಟಿಗೆ ಉಜ್ಜಬಹುದು. ಬೆವರು ಹಚ್ಚಬಹುದು. ಒದ್ದೆಯಾದರೆ ಬಟ್ಟೆಯಲ್ಲಿ ಒರೆಸಬಹುದು. ಮಣ್ಣು ಮೆತ್ತಿದ್ದರೆ ಅಂಪೈರ್ ಎದುರಿಗೇ ತೆಗೆಯಬಹುದು. ಉಗುರು ಹಾಕುವಂತಿಲ್ಲ, ನೆಲಕ್ಕೆ ಉಜ್ಜುವಂತಿಲ್ಲ, ಹೊಲಿಗೆ ಎತ್ತುವಂತಿಲ್ಲ, ಹೊರಗಿನ ಯಾವ ವಸ್ತುವನ್ನೂ ಬಳಸುವಂತಿಲ್ಲ. ಗೆರೆ ಎಲ್ಲಿದೆ ಅನ್ನುವುದು ಕಾಲಕಾಲಕ್ಕೆ ಬದಲಾಗಿದೆ ಕೂಡ. ಬಹಳ ವರ್ಷ ಎಲ್ಲರೂ ಹಚ್ಚುತ್ತಿದ್ದ ಎಂಜಲು ಕೋವಿಡ್ ಕಾಲದಲ್ಲಿ, 2020ರಲ್ಲಿ, ತಪ್ಪಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ಆ ನಿಷೇಧವನ್ನು ಕಾಯಂ ಮಾಡಿತು. 2025ರ ಐಪಿಎಲ್‌ನಲ್ಲಿ ಮತ್ತೆ ಸರಿ ಅನ್ನಿಸಿಕೊಂಡಿತು!

ಇಲ್ಲೊಂದು ತೊಡಕಿದೆ. ಚೆಂಡು ತಾನಾಗಿಯೂ ಹಾಳಾಗುತ್ತದೆ. ಒಣಗಿದ ಪಿಚ್ಚಿನ ಮೇಲೆ ಉರುಳಿ, ಬೌಂಡರಿಯಾಚೆಯ ಜಾಹೀರಾತು ಫಲಕಕ್ಕೆ ಬಡಿದು, ಸಿಕ್ಸರ್ ಹೋಗಿ ಸಿಮೆಂಟಿನ ಮೆಟ್ಟಿಲ ಮೇಲೆ ಬಿದ್ದು ಗೀರು ಬೀಳುತ್ತದೆ. ಆ ಗೀರು ಯಾವುದು, ಉಗುರಿನ ಗೀರು ಯಾವುದು ಅಂತ ಕಣ್ಣಿನಿಂದ ನೋಡಿ ಖಚಿತವಾಗಿ ಹೇಳುವುದು ಕಷ್ಟ. ಆದರೆ ಅಂಪೈರ್ ಹೇಳಲೇಬೇಕು, ಅದೂ ಅಲ್ಲೇ, ಆಗಲೇ.

ಓವಲ್‌ನಲ್ಲಿ ಅಂಪೈರ್‌ಗಳು ಆಸ್ಟ್ರೇಲಿಯಾದ ಡ್ಯಾರೆಲ್ ಹೇರ್ ಮತ್ತು ವೆಸ್ಟ್ ಇಂಡೀಸ್‌ನ ಬಿಲ್ಲಿ ಡಾಕ್ಟ್ರೋವ್. 83 ರನ್ ಮಾಡಿದ್ದ ಅಲಸ್ಟೇರ್ ಕುಕ್ ಅವರನ್ನು ಉಮರ್ ಗುಲ್ ಎಲ್‌ಬಿಡಬ್ಲ್ಯು ಮಾಡಿದ ಸ್ವಲ್ಪ ಹೊತ್ತಿಗೆ, 56ನೇ ಓವರ್ ಮುಗಿದಾಗ, ಇಬ್ಬರೂ ಚೆಂಡನ್ನು ಪರೀಕ್ಷಿಸಿದರು. ಯಾರೋ ಇದರ ಸ್ಥಿತಿ ಬದಲಿಸಿದ್ದಾರೆ ಎಂದು ತೀರ್ಮಾನಿಸಿದರು. ಚೆಂಡು ಬದಲಾಯಿತು. ಬದಲಿ ಚೆಂಡನ್ನು ಪೆಟ್ಟಿಗೆಯಿಂದ ಆರಿಸಿದ್ದು ಬ್ಯಾಟ್ಸ್‌ಮನ್. ಹೇರ್ ಭುಜ ತಟ್ಟಿ ಇಂಗ್ಲೆಂಡ್‌ಗೆ ಐದು ಪೆನಾಲ್ಟಿ ರನ್ ಕೊಟ್ಟರು.

ಐದು ರನ್ನಿನಿಂದ ಈ ಪಂದ್ಯಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ಆ ಐದು ರನ್ನಿಗೆ ಒಂದೇ ಒಂದು ಅರ್ಥ. ನೀವು ಮೋಸ ಮಾಡಿದ್ದೀರಿ. ಯಾರು ಮಾಡಿದ್ದು? ಹೆಸರಿಲ್ಲ. ಹೇಗೆ ಮಾಡಿದ್ದು? ವಿವರವಿಲ್ಲ. ಹನ್ನೊಂದೂ ಜನರ ಮೇಲೆ ಒಟ್ಟಿಗೆ ಬಂದ ಮಾತು ಅದು. ಟಿವಿ ಕ್ಯಾಮೆರಾಗಳು ಅಷ್ಟಿದ್ದರೂ ಯಾರೋ ಚೆಂಡು ಕೆರೆಯುತ್ತಿರುವ ಒಂದು ದೃಶ್ಯವೂ ಸಿಕ್ಕಿರಲಿಲ್ಲ.

ಪಾಕಿಸ್ತಾನದ ಸಿಟ್ಟಿಗೆ ಹಿನ್ನೆಲೆಯೂ ಇತ್ತು. 1992ರಲ್ಲಿ ಇದೇ ಇಂಗ್ಲೆಂಡಿನಲ್ಲಿ, ಲಾರ್ಡ್ಸ್‌ನ ಏಕದಿನ ಪಂದ್ಯದ ನಡುವೆ ಅವರ ಚೆಂಡು ಬದಲಾಗಿತ್ತು. ಕಾರಣವನ್ನು ಆಗ ಯಾರೂ ಅಧಿಕೃತವಾಗಿ ಹೇಳಲಿಲ್ಲ. ಪತ್ರಿಕೆಗಳು ಮಾತ್ರ ಮೋಸಗಾರರು ಅಂತ ಬರೆದವು. ಎರಡು ವರ್ಷದ ನಂತರ ಅದೇ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ನಾಯಕ ಮೈಕ್ ಆಥರ್ಟನ್ ಜೇಬಿನಲ್ಲಿ ಮಣ್ಣು ಇಟ್ಟುಕೊಂಡು ಸಿಕ್ಕಿಬಿದ್ದರು. ಅವರಿಗೆ ಆಗಿದ್ದು ದಂಡ ಮಾತ್ರ, ನಾಯಕತ್ವ ಉಳಿಯಿತು. ಇಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡ ತಂಡಕ್ಕೆ ಆ ಐದು ರನ್ ಹೇಗೆ ಕಂಡಿರಬೇಡ!

ಆದರೂ ನಾಯಕ ಇಂಜಮಾಮ್ ಉಲ್ ಹಕ್ ಪಡೆ ಆಗಲೇ ಹೊರನಡೆಯಲಿಲ್ಲ. ಇದನ್ನು ಜನ ಮರೆಯುತ್ತಾರೆ. ಬದಲಾದ ಚೆಂಡಿನಲ್ಲಿ ಅವರು ಬೌಲ್ ಮಾಡಿದರು. ಒಂದು ಗಂಟೆಗೂ ಜಾಸ್ತಿ ಆಟ ನಡೆಯಿತು. ಆಮೇಲೆ ಬೆಳಕು ಮಂದವಾಗಿ ಆಟ ನಿಂತಿತು, ಟೀ ವಿರಾಮ ಬಂತು. ಡ್ರೆಸಿಂಗ್ ರೂಮಿನಲ್ಲಿ ಕೂತಾಗ ಸಿಟ್ಟು ಬಲಿಯಿತು. ವಿರಾಮ ಮುಗಿದು ಅಂಪೈರ್‌ಗಳು ಬಂದರು, ಫೀಲ್ಡಿಂಗ್ ತಂಡ ಬರಲಿಲ್ಲ. ಅಂಪೈರ್‌ಗಳು ಹಿಂದಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಇಂಗ್ಲೆಂಡಿನ ಬ್ಯಾಟ್ಸ್‌ಮನ್‌ಗಳ ಜೊತೆ ಮತ್ತೆ ಬಂದರು. ಆಗಲೂ ಪಾಕಿಸ್ತಾನ ಇಲ್ಲ. ಹೇರ್ ಮತ್ತು ಡಾಕ್ಟ್ರೋವ್ ಸ್ಟಂಪ್ ಮೇಲಿನ ಬೇಲ್ಸ್ ತೆಗೆದರು. ಅಲ್ಲಿಗೆ ಪಂದ್ಯ ಮುಗಿಯಿತು ಅಂತ ಅರ್ಥ.

ಅದಾಗಿ ಅರ್ಧ ಗಂಟೆಯೊಳಗೆ ಪಾಕಿಸ್ತಾನ ಮೈದಾನಕ್ಕೆ ಬಂತು. ಈ ಸಲ ಅಂಪೈರ್‌ಗಳು ಬರಲಿಲ್ಲ. ಮ್ಯಾಚ್ ರೆಫರಿ ಮೈಕ್ ಪ್ರಾಕ್ಟರ್ ಇದ್ದರು, ಎರಡೂ ಮಂಡಳಿಯವರು ಇದ್ದರು, ಎರಡೂ ತಂಡ ಆಡಲು ತಯಾರಿದ್ದವು. ಅಂಪೈರ್‌ಗಳು ಒಪ್ಪಲಿಲ್ಲ. ಪಂದ್ಯ ಇಂಗ್ಲೆಂಡ್‌ಗೆ ಹೋಗಿದೆ ಎಂಬ ಅಧಿಕೃತ ಮಾತು ಹೊರಬಿದ್ದಾಗ ರಾತ್ರಿ ಹತ್ತು ದಾಟಿತ್ತು. ದುಡ್ಡು ಕೊಟ್ಟು ಬಂದ ಪ್ರೇಕ್ಷಕರಿಗೆ ಸಂಜೆಯಿಡೀ ಏನಾಗುತ್ತಿದೆ ಅಂತ ಗೊತ್ತೇ ಆಗಲಿಲ್ಲ.

ಹೇರ್ ನಿಯಮ ಮುರಿದರಾ? ನನಗೆ ಹಾಗನ್ನಿಸುವುದಿಲ್ಲ. ಚೆಂಡಿನ ಬಗ್ಗೆ ತೀರ್ಪು ಕೊಡುವ ಅಧಿಕಾರ ಇಬ್ಬರು ಅಂಪೈರ್‌ಗಳದ್ದು. ವಿಡಿಯೋ ಬೇಕು, ಸಾಕ್ಷಿ ಬೇಕು ಅಂತ ನಿಯಮ ಕೇಳುವುದಿಲ್ಲ. ಆಡಲು ನಿರಾಕರಿಸಿದ ತಂಡ ಪಂದ್ಯ ಸೋತಂತೆ ಅನ್ನುವುದೂ ನಿಯಮವೇ. ಆಗ ಅದು 21ನೇ ನಿಯಮ, ಈಗ 16. ಆದರೆ ಅದೇ ನಿಯಮ ಇನ್ನೂ ಕೆಲವು ಮಾತು ಹೇಳುತ್ತದೆ. ತಂಡ ಯಾಕೆ ಬರುತ್ತಿಲ್ಲ ಎಂದು ಅಂಪೈರ್‌ಗಳು ವಿಚಾರಿಸಬೇಕು. ಇದು ನಿರಾಕರಣೆಯೇ ಅಂತ ಅನ್ನಿಸಿದರೆ ಹಾಗಂತ ನಾಯಕನಿಗೆ ತಿಳಿಸಬೇಕು. ಆಮೇಲೂ ನಾಯಕ ಪಟ್ಟು ಬಿಡದಿದ್ದರೆ ಮಾತ್ರ ಪಂದ್ಯ ಎದುರಾಳಿಗೆ. ಅಂದರೆ ನಿಯಮ ಬರೆದವರೂ ಮಾತುಕತೆಗೆ ಜಾಗ ಇಟ್ಟಿದ್ದರು. ಓವಲ್‌ನಲ್ಲಿ ಆ ಜಾಗ ತೀರಾ ಕಿರಿದಾಯಿತು. ಸ್ವಲ್ಪ ಹೊತ್ತು ತಡೆದಿದ್ದರೆ ಆಟಗಾರರು ಬರುತ್ತಿದ್ದರು. ಬಂದರು ಕೂಡ.

ತಪ್ಪು ಒಂದೇ ಕಡೆ ಇರಲಿಲ್ಲ ಅನ್ನಿ. ನಾವು ಸ್ವಲ್ಪ ಹೊತ್ತು ಬರುವುದಿಲ್ಲ, ಇದು ನಮ್ಮ ಪ್ರತಿಭಟನೆ, ಇಷ್ಟು ಗಂಟೆಗೆ ಬರುತ್ತೇವೆ ಎಂದು ಪಾಕಿಸ್ತಾನ ಮ್ಯಾಚ್ ರೆಫರಿಗೆ ಮೊದಲೇ ಬರೆದು ಕೊಡಬಹುದಿತ್ತು. ಬಾಗಿಲು ಹಾಕಿಕೊಂಡು ಕೂತರೆ ಅದು ಪ್ರತಿಭಟನೆಯೋ ನಿರಾಕರಣೆಯೋ ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಅಂಪೈರ್ ಯಾಕೆ ಅಂತ ಬಿಡಿಸಿ ಹೇಳದೆ ದಂಡ ಹಾಕಿದರು. ತಂಡ ಯಾಕೆ ಅಂತ ಬಿಡಿಸಿ ಹೇಳದೆ ಒಳಗೆ ಕೂತಿತು. ನನ್ನ ಮಟ್ಟಿಗೆ ಓವಲ್ ಪ್ರಕರಣದ ತಿರುಳು ಇಷ್ಟೇ.

ಒಂದು ತಿಂಗಳ ನಂತರ, ಸೆಪ್ಟೆಂಬರ್ ಕೊನೆಯಲ್ಲಿ, ಅದೇ ಓವಲ್‌ನಲ್ಲಿ ವಿಚಾರಣೆ. ಐಸಿಸಿಯ ಮುಖ್ಯ ರೆಫರಿ ರಂಜನ್ ಮದುಗಲೆ ಮುಂದೆ ಇಂಜಮಾಮ್ ಮೇಲೆ ಎರಡು ಆರೋಪ. ಚೆಂಡು ವಿರೂಪ ಒಂದು, ಆಟಕ್ಕೆ ಕೆಟ್ಟ ಹೆಸರು ತಂದಿದ್ದು ಇನ್ನೊಂದು. ಚೆಂಡನ್ನು ಮೇಜಿನ ಮೇಲಿಟ್ಟು ನೋಡಿದರು. ಇಂಗ್ಲೆಂಡಿನವರೇ ಆದ ಜೆಫ್ರಿ ಬಾಯ್ಕಾಟ್ ಮತ್ತು ಸೈಮನ್ ಹ್ಯೂಸ್ ಪಾಕಿಸ್ತಾನದ ಪರ ಸಾಕ್ಷಿ ಹೇಳಿದರು. ಚೆಂಡು ವಿರೂಪದ ಆರೋಪ ನಿಲ್ಲಲಿಲ್ಲ, ಅದಕ್ಕೆ ಬೇಕಾದಷ್ಟು ಗಟ್ಟಿ ಸಾಕ್ಷ್ಯ ಇಲ್ಲ ಎಂದರು ಮದುಗಲೆ. ಎರಡನೇ ಆರೋಪ ಸಾಬೀತಾಯಿತು. ನಾಲ್ಕು ಏಕದಿನ ಪಂದ್ಯಗಳ ನಿಷೇಧ ಬಿತ್ತು.

ಈ ತೀರ್ಪಿನಿಂದ ಒಂದು ವಿಚಿತ್ರ ಸ್ಥಿತಿ ಹುಟ್ಟಿತು. ಮೂಲ ಆರೋಪವೇ ಬಿದ್ದುಹೋಯಿತು. ಅದರಿಂದ ಶುರುವಾದ ಸೋಲು ಮಾತ್ರ ಉಳಿಯಿತು. ಹೇಗೆ ಒಪ್ಪುವುದು ಅಂತ ಪಾಕಿಸ್ತಾನ ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಬರದೇ ಇದ್ದದ್ದು ಬೇರೆ, ಚೆಂಡಿನ ವಿಷಯ ಬೇರೆ ಅನ್ನುವುದೂ ನಿಜವೇ.

ಈ ನಡುವೆ ಹೇರ್ ತಮ್ಮ ಪಕ್ಷವನ್ನು ತಾವೇ ಹಾಳು ಮಾಡಿಕೊಂಡರು. ಪಂದ್ಯ ಮುಗಿದ ಎರಡನೇ ದಿನಕ್ಕೆ ಐಸಿಸಿಗೆ ಇಮೇಲ್ ಬರೆದು, 5 ಲಕ್ಷ ಡಾಲರ್ ಕೊಟ್ಟರೆ ರಾಜೀನಾಮೆ ಕೊಡುತ್ತೇನೆ ಎಂದರು. ಆಮೇಲೆ ಹಿಂದಕ್ಕೆ ತೆಗೆದುಕೊಂಡರು. ಐಸಿಸಿ ಅದನ್ನು ಬಹಿರಂಗ ಮಾಡಿತು. ನಿಯಮಕ್ಕಾಗಿ ನಿಂತ ಅಂಪೈರ್ ಅಂತ ಅವರನ್ನು ಬೆಂಬಲಿಸುತ್ತಿದ್ದವರ ಬಾಯಿ ಕಟ್ಟಿಹೋಯಿತು. ನವೆಂಬರ್‌ನಲ್ಲಿ ದೊಡ್ಡ ತಂಡಗಳ ಪಂದ್ಯಗಳಿಂದ ಅವರನ್ನು ಕೆಳಗಿಳಿಸಿದರು. ಜನಾಂಗ ತಾರತಮ್ಯ ಆಗಿದೆ ಎಂದು 2007ರಲ್ಲಿ ಲಂಡನ್ನಿನ ಕಾರ್ಮಿಕ ನ್ಯಾಯಮಂಡಳಿಯಲ್ಲಿ ವಾದಿಸಿ, ನಡುವೆಯೇ ಕೈಬಿಟ್ಟರು. 2008ರಲ್ಲಿ ಮತ್ತೆ ಅಂಪೈರಿಂಗ್‌ಗೆ ಬಂದು, ಅದೇ ವರ್ಷ ಬಿಟ್ಟುಹೋದರು.

ಇನ್ನು ಫಲಿತಾಂಶದ ಕಥೆ ಕೇಳಿ. 2008ರ ಜುಲೈನಲ್ಲಿ ಐಸಿಸಿ ಈ ಪಂದ್ಯವನ್ನು ಡ್ರಾ ಎಂದು ಬದಲಿಸಿತು! ಅಂಪೈರ್ ಕೊಟ್ಟ ಫಲಿತಾಂಶವನ್ನು ಎರಡು ವರ್ಷದ ಮೇಲೆ ಮಂಡಳಿ ಸಭೆ ಬದಲಾಯಿಸುವುದು ಅಂದರೇನು? ನಿಯಮ ಬರೆಯುವ ಎಂಸಿಸಿ ಇದನ್ನು ವಿರೋಧಿಸಿತು. ವೆಸ್ಟ್ ಇಂಡೀಸ್‌ನ ಹಳೆಯ ವೇಗಿ ಮೈಕೆಲ್ ಹೋಲ್ಡಿಂಗ್ ಐಸಿಸಿಯ ಕ್ರಿಕೆಟ್ ಸಮಿತಿಗೆ ರಾಜೀನಾಮೆ ಕೊಟ್ಟರು. 2009ರ ಫೆಬ್ರುವರಿಯಲ್ಲಿ ಐಸಿಸಿ ಮತ್ತೆ ಇಂಗ್ಲೆಂಡ್ ಗೆಲುವು ಅಂತ ಬರೆಯಿತು. ಬಲ ಇದ್ದ ಕಡೆ ವಾಲುವುದು, ಬೈಸಿಕೊಂಡು ಹಿಂದೆ ಬರುವುದು ಐಸಿಸಿಗೆ ಹೊಸದಲ್ಲ ಬಿಡಿ.

ಇದೆಲ್ಲ ಪಾಕಿಸ್ತಾನದವರ ಸ್ವಭಾವ ಅಂತ ನಾವು ನಗುವಂತಿಲ್ಲ. 2001ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್‌ನಲ್ಲಿ ರೆಫರಿ ಮೈಕ್ ಡೆನಿಸ್ ಆರು ಭಾರತೀಯರಿಗೆ ಶಿಕ್ಷೆ ಕೊಟ್ಟರು. ಸಚಿನ್ ತೆಂಡೂಲ್ಕರ್ ಮೇಲಿದ್ದದ್ದು ಚೆಂಡಿನ ಆರೋಪ. ಮೈದಾನದ ಅಂಪೈರ್‌ಗಳು ದೂರು ಕೊಟ್ಟಿರಲಿಲ್ಲ, ರೆಫರಿ ಟಿವಿ ನೋಡಿ ತೀರ್ಮಾನಿಸಿದ್ದರು. ದೇಶಕ್ಕೆ ದೇಶವೇ ಕೆಂಡವಾಯಿತು. ಮುಂದಿನ ಸೆಂಚುರಿಯನ್ ಪಂದ್ಯಕ್ಕೆ ಡೆನಿಸ್ ಬೇಡ ಎಂದು ಎರಡೂ ಮಂಡಳಿಗಳು ಪಟ್ಟು ಹಿಡಿದವು. ಐಸಿಸಿ ಆ ಪಂದ್ಯಕ್ಕೆ ಟೆಸ್ಟ್ ಮಾನ್ಯತೆಯನ್ನೇ ಕೊಡಲಿಲ್ಲ. ಇಂಜಮಾಮ್ ಡ್ರೆಸಿಂಗ್ ರೂಮಿನಲ್ಲಿ ಕೂತು ಮಾಡಿದ್ದನ್ನು ನಮ್ಮ ಮಂಡಳಿ ಕಚೇರಿಯಲ್ಲಿ ಕೂತು ಮಾಡಿತು, ಅಷ್ಟೇ ವ್ಯತ್ಯಾಸ. ಅದೇ 2004ರಲ್ಲಿ ಬ್ರಿಸ್ಬೇನ್‌ನಲ್ಲಿ ಕೆಮ್ಮಿನ ಗುಳಿಗೆ ಚೆಂಡಿಗೆ ತಾಗಿಸಿದ್ದಕ್ಕೆ ರಾಹುಲ್ ದ್ರಾವಿಡ್‌ಗೆ ಪಂದ್ಯದ ಸಂಭಾವನೆಯ ಅರ್ಧ ದಂಡ ಬಿದ್ದಾಗ ಇಷ್ಟು ಗಲಾಟೆ ಆಗಲಿಲ್ಲ. ಅಲ್ಲಿ ದೃಶ್ಯ ಇತ್ತು, ವ್ಯಕ್ತಿಯ ಹೆಸರಿತ್ತು, ಏನು ಮಾಡಿದರು ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಮೈದಾನ ಬಿಡುವ ವಿಷಯದಲ್ಲೂ ಹಳೆಯ ಉದಾಹರಣೆಗಳಿವೆ. 1981ರ ಮೆಲ್ಬರ್ನ್ ಟೆಸ್ಟ್‌ನಲ್ಲಿ ಎಲ್‌ಬಿಡಬ್ಲ್ಯು ತೀರ್ಪಿಗೆ ಸಿಟ್ಟಾದ ಸುನಿಲ್ ಗಾವಸ್ಕರ್, ಜೊತೆಯಲ್ಲಿದ್ದ ಚೇತನ್ ಚೌಹಾಣ್ ಅವರನ್ನೂ ಎಳೆದುಕೊಂಡು ಹೊರಟರು. ಬೌಂಡರಿ ಗೆರೆಯ ಹತ್ತಿರ ಮ್ಯಾನೇಜರ್ ಶಾಹಿದ್ ದುರಾನಿ ಎದುರು ಬಂದು ಚೌಹಾಣ್ ಅವರನ್ನು ತಡೆದರು. ಆಟ ಮುಂದುವರಿಯಿತು. ಆಸ್ಟ್ರೇಲಿಯಾ 83ಕ್ಕೆ ಆಲೌಟ್, ಕಪಿಲ್‌ಗೆ 28ಕ್ಕೆ ಐದು ವಿಕೆಟ್. ಗುಂಡಪ್ಪ ವಿಶ್ವನಾಥ್ ಮೊದಲ ಇನ್ನಿಂಗ್ಸ್‌ನಲ್ಲಿ ಹೊಡೆದ ಶತಕಕ್ಕೆ ಬೆಲೆ ಬಂದಿದ್ದು ಆ ತಡೆಯಿಂದ. 1999ರಲ್ಲಿ ಅಡಿಲೇಡ್‌ನಲ್ಲಿ ಅಂಪೈರ್ ರಾಸ್ ಎಮರ್ಸನ್ ಮುರಳೀಧರನ್‌ಗೆ ನೋಬಾಲ್ ಕೊಟ್ಟಾಗ ಶ್ರೀಲಂಕಾ ನಾಯಕ ಅರ್ಜುನ ರಣತುಂಗ ಇಡೀ ತಂಡವನ್ನು ಗೆರೆಯವರೆಗೆ ಕರೆದುಕೊಂಡು ಹೋದರು. ದಾಟಲಿಲ್ಲ. ಅಲ್ಲೇ ನಿಂತು ಮಾತಾಡಿದರು, ವಾಪಸ್ ಬಂದು ಪಂದ್ಯ ಗೆದ್ದರು. ರಣತುಂಗ ಘಾಟಿ ಮನುಷ್ಯ. ಎಷ್ಟು ಎಳೆದರೆ ಹರಿಯುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

ಓವಲ್‌ಗೆ ನಿಜವಾದ ಜೋಡಿ ಸಿಕ್ಕಿದ್ದು 2018ರ ಜೂನ್‌ನಲ್ಲಿ, ವೆಸ್ಟ್ ಇಂಡೀಸ್‌ನ ಸೇಂಟ್ ಲೂಸಿಯಾದಲ್ಲಿ. ಎರಡನೇ ದಿನದ ಆಟ ಮುಗಿದ ಮೇಲೆ ಅಂಪೈರ್‌ಗಳಾದ ಅಲೀಂ ದಾರ್ ಮತ್ತು ಇಯಾನ್ ಗೌಲ್ಡ್ ವಿಡಿಯೋ ನೋಡಿದರು. ಶ್ರೀಲಂಕಾ ನಾಯಕ ದಿನೇಶ್ ಚಂಡಿಮಾಲ್ ಬಾಯಿಗೆ ಏನೋ ಸಿಹಿ ಹಾಕಿಕೊಂಡು, ಕೂಡಲೇ ಎಂಜಲನ್ನು ಚೆಂಡಿಗೆ ಹಚ್ಚಿದ್ದು ಕಾಣಿಸಿತು. ಮಾರನೇ ಬೆಳಗ್ಗೆ ಚೆಂಡು ಬದಲು, ಐದು ರನ್ ದಂಡ. ಶ್ರೀಲಂಕಾ ಮೈದಾನಕ್ಕೆ ಬರಲಿಲ್ಲ. ಸುಮಾರು ಎರಡು ಗಂಟೆ!

ಬೇಲ್ಸ್ ಮಾತ್ರ ಯಾರೂ ತೆಗೆಯಲಿಲ್ಲ. ಮ್ಯಾಚ್ ರೆಫರಿ ನಮ್ಮ ಜಾವಗಲ್ ಶ್ರೀನಾಥ್. ತಂಡದವರ ಜೊತೆ ಮಾತುಕತೆ ನಡೆಯಿತು. ಕೊನೆಗೆ ಪ್ರತಿಭಟನೆ ದಾಖಲಿಸಿಯೇ ಶ್ರೀಲಂಕಾ ಆಡಿತು. ಪಂದ್ಯ ಡ್ರಾ ಆಯಿತು. ಶಿಕ್ಷೆ ಆಮೇಲೆ ಬಂತು, ಬಲವಾಗಿಯೇ ಬಂತು. ಚೆಂಡಿನ ತಪ್ಪಿಗೆ ಚಂಡಿಮಾಲ್ ಒಂದು ಟೆಸ್ಟ್ ಕಳೆದುಕೊಂಡರು. ಆಟ ತಡೆದಿದ್ದಕ್ಕೆ ಅವರ ಜೊತೆ ಕೋಚ್ ಹತುರುಸಿಂಘ, ಮ್ಯಾನೇಜರ್ ಗುರುಸಿಂಹ ಇಬ್ಬರಿಗೂ ಎರಡು ಟೆಸ್ಟ್ ಮತ್ತು ನಾಲ್ಕು ಏಕದಿನ ಪಂದ್ಯಗಳ ನಿಷೇಧ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ದೃಶ್ಯ ಸಾಕ್ಷ್ಯ ಇದ್ದ ತಂಡ ಎರಡು ಗಂಟೆ ಬರದಿದ್ದರೂ ಪಂದ್ಯ ಉಳಿಸಿಕೊಂಡಿತು. ಸಾಕ್ಷ್ಯವೇ ಇಲ್ಲದ ತಂಡ ಒಂದು ಗಂಟೆಯೊಳಗೆ ಬಂದರೂ ಪಂದ್ಯ ಕಳೆದುಕೊಂಡಿತು. ಆಡಲು ನಿರಾಕರಿಸುವುದರ ಬಗ್ಗೆ ನಿಯಮ ಬದಲಾಗಿರಲಿಲ್ಲ. ಬದಲಾಗಿದ್ದು ಅದನ್ನು ನಡೆಸಿದ ರೀತಿ. ಆಟ ನಡೆಯಲಿ, ಶಿಕ್ಷೆ ಆಮೇಲೆ ನೋಡೋಣ ಅನ್ನುವುದನ್ನು ಐಸಿಸಿ ಓವಲ್‌ನಿಂದ ಕಲಿತಿತ್ತು ಅನ್ನಿಸುತ್ತದೆ.

ಅದೇ ವರ್ಷ ಮಾರ್ಚ್‌ನಲ್ಲಿ ಕೇಪ್‌ಟೌನ್‌ನಲ್ಲಿ ಇದರ ಉಲ್ಟಾ ನಡೆದಿತ್ತು. ಆಸ್ಟ್ರೇಲಿಯಾದ ಬ್ಯಾಂಕ್ರಾಫ್ಟ್ ಕೈಯಲ್ಲಿ ಉಜ್ಜುಕಾಗದ ಇದ್ದದ್ದನ್ನು ಇಡೀ ಜಗತ್ತು ನೋಡಿತು. ಆದರೆ ಅಂಪೈರ್‌ಗಳು ಚೆಂಡು ನೋಡಿ, ಇದರ ಸ್ಥಿತಿ ಬದಲಾಗಿಲ್ಲ ಎಂದರು. ಚೆಂಡು ಬದಲಾಗಲಿಲ್ಲ, ಐದು ರನ್ನೂ ಇಲ್ಲ. ಸ್ಮಿತ್, ವಾರ್ನರ್ ತಲಾ ಒಂದು ವರ್ಷ ಹೊರಗೆ ಕೂತಿದ್ದು ಅವರದೇ ಮಂಡಳಿಯ ಶಿಕ್ಷೆಯಿಂದ. ಚೆಂಡು ಒಂದು ಹೇಳುತ್ತದೆ, ಕ್ಯಾಮೆರಾ ಇನ್ನೊಂದು ಹೇಳುತ್ತದೆ. ಆ ಜುಲೈನಲ್ಲಿ ಐಸಿಸಿ ಶಿಕ್ಷೆ ಹೆಚ್ಚಿಸಿತು. ಈಗ ಗರಿಷ್ಠ ಆರು ಟೆಸ್ಟ್ ಅಥವಾ ಹನ್ನೆರಡು ಏಕದಿನ ಪಂದ್ಯ.

ಶಿಕ್ಷೆ ಹೆಚ್ಚಾಗಿದ್ದಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ಸಣ್ಣ ಬದಲಾವಣೆ. ಈಗಿನ ಐಸಿಸಿ ಟೆಸ್ಟ್ ನಿಯಮಗಳಲ್ಲಿ ಅಂಪೈರ್‌ಗೆ ಎರಡು ದಾರಿ ಇವೆ. ಮಾಡಿದ್ದು ಯಾರು ಎಂದು ಗೊತ್ತಾದರೆ ಚೆಂಡು ಬದಲು, ಐದು ರನ್, ಆ ಆಟಗಾರನ ಮೇಲೆ ದೂರು. ಯಾರು ಅಂತ ಗೊತ್ತಾಗದಿದ್ದರೆ ಚೆಂಡು ಬದಲಿಸಿ ನಾಯಕನಿಗೆ ಮೊದಲ ಮತ್ತು ಕೊನೆಯ ಎಚ್ಚರಿಕೆ. ಮತ್ತೆ ಆದರೆ ಹೊಣೆ ನಾಯಕನದ್ದೇ. ಇದೇ ಕ್ರಮ ಅಂದು ನಡೆದಿದ್ದರೆ ಇಂಜಮಾಮ್‌ಗೆ ಸಿಗುತ್ತಿದ್ದದ್ದು ಎಚ್ಚರಿಕೆ ಮಾತ್ರ. ಐದು ರನ್ ಇಲ್ಲ, ಬಹುಶಃ ಪ್ರತಿಭಟನೆಯೂ ಇಲ್ಲ. ಚೆಂಡು ಸರಿಯಿಲ್ಲ ಅನ್ನುವುದು ಬೇರೆ, ನೀನು ಕೆಡಿಸಿದೆ ಅನ್ನುವುದು ಬೇರೆ. ಈ ಎರಡನ್ನು ನಿಯಮ ಕೊನೆಗೂ ಬಿಡಿಸಿ ಇಟ್ಟಿದೆ.

ಹಾಗಂತ ಎಲ್ಲ ಸರಿಹೋಗಿಲ್ಲ. ಎಲ್‌ಬಿಡಬ್ಲ್ಯುಗೆ ಡಿಆರ್‌ಎಸ್ (ಟಿವಿ ನೋಡಿ ತೀರ್ಪು ಮರುಪರಿಶೀಲಿಸುವ ವ್ಯವಸ್ಥೆ) ಇದೆ, ಚೆಂಡಿನ ತೀರ್ಪಿಗೆ ಅಂಥದ್ದೇನೂ ಇಲ್ಲ. ನಾಯಕ ಆ ಕ್ಷಣದಲ್ಲಿ ಆಕ್ಷೇಪ ಎತ್ತಿದರೆ ವಾದ ಮಾಡಿದ ಅಂತ ಅದೇ ಇನ್ನೊಂದು ತಪ್ಪಾಗುತ್ತದೆ. ಅಂಪೈರ್ ಚೆಂಡನ್ನು ನಾಯಕನ ಕೈಗೆ ಕೊಟ್ಟು, ಗೀರು ತೋರಿಸಿ, ಫೋಟೋ ತೆಗೆಸಿ, ಆಮೇಲೆ ಆಟ ಮುಂದುವರಿಸಲು ಎರಡು ನಿಮಿಷ ಸಾಕು. ನಾಯಕನ ಆಕ್ಷೇಪ ಸಂಜೆ ಬರಹದಲ್ಲಿ ರೆಫರಿಗೆ ಹೋಗಲಿ. ಆರೋಪ ಬಿದ್ದುಹೋದರೆ ಆ ಐದು ರನ್ ಕಳೆಯಬೇಕಾ ಅಂತ ಕೇಳಿದರೆ ಬೇಡ ಅನ್ನುತ್ತೇನೆ. ಫಲಿತಾಂಶಕ್ಕೆ ಕೈಹಾಕಿದರೆ 2008ರ ಪಾಡೇ ಆಗುತ್ತದೆ.

ಕ್ಯಾಮೆರಾ ಕಡಿಮೆ ಇರುವ ಪಂದ್ಯಗಳಲ್ಲಿ ಇದು ಇನ್ನೂ ಜಾಸ್ತಿ ಬೇಕು. 2024ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಮೆಕಾಯ್‌ನಲ್ಲಿ ಭಾರತ ಎ ತಂಡದ ಚೆಂಡು ಬದಲಾಯಿತು. ನೀವು ಗೀರಿದ್ದೀರಿ, ಅದಕ್ಕೇ ಬದಲಿಸುತ್ತಿದ್ದೇವೆ, ಇನ್ನು ಚರ್ಚೆ ಬೇಡ ಎಂಬರ್ಥದಲ್ಲಿ ಅಂಪೈರ್ ಶಾನ್ ಕ್ರೇಗ್ ಹೇಳಿದ್ದು ಸ್ಟಂಪ್ ಮೈಕ್‌ನಲ್ಲಿ ಕೇಳಿಸಿತು. ಇಶಾನ್ ಕಿಶನ್ ಸಿಟ್ಟಾಗಿ ಉತ್ತರಿಸಿದರು. ಯಾರೂ ಮೈದಾನ ಬಿಡಲಿಲ್ಲ. ಆಮೇಲೆ ಕ್ರಿಕೆಟ್ ಆಸ್ಟ್ರೇಲಿಯಾ ಕೊಟ್ಟ ವಿವರಣೆಯಲ್ಲಿ ಚೆಂಡು ಹಾಳಾಗಿತ್ತು, ಅದಕ್ಕೆ ಬದಲಿಸಿದ್ದು, ಎರಡೂ ತಂಡಕ್ಕೆ ಆಟಕ್ಕೆ ಮೊದಲೇ ತಿಳಿಸಲಾಗಿತ್ತು ಎಂದಿತ್ತು. ದಂಡವಿಲ್ಲ, ದೂರೂ ಇಲ್ಲ. ಹಾಗಾದರೆ ಮೈಕ್‌ನಲ್ಲಿ ಕೇಳಿದ ಆ ಆರೋಪವನ್ನು ಯಾರಾದರೂ ಹಿಂದಕ್ಕೆ ತೆಗೆದುಕೊಂಡರಾ? ಆ ವಿವರಣೆಯಲ್ಲಿ ಅದರ ಮಾತಿಲ್ಲ.